ಎಸ್‌ಐಪಿ ನಿಲ್ಲಿಸ್ಲಾ, ಎಲ್ಲಾ ತೆಗೆದು ಎಫ್‌ಡಿ ಇಡ್ಲಾ? ಮಗ ಅಡ್ವೈಸರ್ ಆಗ್ತೀನಿ ಅಂತಾನೆ, ಬಿಡ್ಲಾ?

ಪ್ರಶ್ನೆ: ಸರ್ ನಮಸ್ತೆ. ನಾನು ಸಾಗರ ತಾಲೂಕಲ್ಲಿ ಸರ್ಕಾರಿ ಹೈಸ್ಕೂಲ್ ಟೀಚರ್, 51 ವರ್ಷ, 2001ರಲ್ಲಿ ಕೆಲಸಕ್ಕೆ ಸೇರಿದ್ದು. ಯಜಮಾನ್ರದ್ದು ಎರಡು ಎಕರೆ ಅಡಿಕೆ ತೋಟ. 2021 ಏಪ್ರಿಲ್‌ನಿಂದ ತಿಂಗಳಿಗೆ 20,000 ಎಸ್‌ಐಪಿ, ಅಂದ್ರೆ ತಿಂಗಳ ಕಂತಲ್ಲಿ ಮ್ಯೂಚುಯಲ್ ಫಂಡಿಗೆ ಕಟ್ತಿದೀನಿ, ಬ್ಯಾಂಕಲ್ಲಿ ಹೇಳಿದ ನಾಲ್ಕು ಫಂಡ್, ಅದ್ರಲ್ಲಿ ಎರಡು ಸ್ಮಾಲ್‌ಕ್ಯಾಪ್ (ಸಣ್ಣ ಕಂಪನಿಗಳ ಷೇರಿಂದು). 2024 ಸೆಪ್ಟೆಂಬರ್‌ನಲ್ಲಿ 13 ಲಕ್ಷ ತೋರಿಸ್ತಿತ್ತು. ಅಲ್ಲಿಂದೀಚೆಗೆ 3 ಲಕ್ಷ ಕಟ್ಟಿದೀನಿ, ಈಗ ನೋಡಿದ್ರೆ 15 ಲಕ್ಷ. ಕಟ್ಟಿದ್ದೂ ಎಲ್ಲೋ ಹೋಯ್ತು ಅನ್ನಿಸುತ್ತೆ. ಮಗಳು ಇಂಜಿನಿಯರಿಂಗ್ ಕೊನೇ ವರ್ಷ, ಬರೋ ಆಗಸ್ಟ್‌ಗೆ ಎಂಎಸ್ ಮಾಡೋಕೆ ಹೊರದೇಶಕ್ಕೆ ಹೋಗ್ತಾಳೆ, ಸಾಲ ಬಿಟ್ಟು 8 ಲಕ್ಷ ಇದರಿಂದ್ಲೇ ಹೊಂದಿಸ್ಬೇಕು. ಮಾರ್ಕೆಟ್ ಮತ್ತೆ ಏರೋವರೆಗೂ ಕಾಯ್ಬೇಕಾ, ಎಸ್‌ಐಪಿ ನಿಲ್ಲಿಸ್ಬೇಕಾ, ಇಲ್ಲಾ ಎಲ್ಲಾ ತೆಗೆದು ಎಫ್‌ಡಿ ಇಡ್ಬೇಕಾ? ಇನ್ನೊಂದು, ಮಗ ಬಿಕಾಂ ಮುಗಿಸಿ ಮನೇಲಿದಾನೆ, ಮೊಬೈಲಲ್ಲಿ ಆಪ್ಷನ್ ಟ್ರೇಡಿಂಗ್ (ಷೇರು ರೇಟಿನ ಮೇಲೆ ಬಾಜಿ ಕಟ್ಟೋ ತರದ್ದು) ಮಾಡ್ತಾ ಫೈನಾನ್ಶಿಯಲ್ ಅಡ್ವೈಸರ್ ಆಗ್ತೀನಿ ಅಂತಾನೆ. ಈ ಕೆಲಸದಲ್ಲಿ ಊಟಕ್ಕೆ ದಾರಿ ಇದ್ಯಾ?

ಉತ್ತರ: ಮೇಡಂ, ಮೊದಲು ನೇರವಾಗಿ ಹೇಳ್ಬಿಡ್ತೀನಿ, ಯಾಕೆ ಅನ್ನೋದು ಆಮೇಲೆ. ಮಗಳ ಓದಿನ ದುಡ್ಡು ಈಗಲೇ ತೆಗೆಯೋಕೆ ಶುರು ಮಾಡಿ, ಕಾಯ್ಬೇಡಿ. ಎಸ್‌ಐಪಿ ನಿಲ್ಲಿಸ್ಬೇಡಿ, ಆದ್ರೆ ಅದು ಹೋಗ್ತಿರೋ ಫಂಡ್ ಬದಲಾಯ್ಸಿ. ಮಗನಿಗೆ ಈ ಕೆಲಸ ಆಗುತ್ತೆ, ಆದ್ರೆ ಮೊದಲ ಮೂರ್ನಾಲ್ಕು ವರ್ಷ ಊಟ ನಿಮ್ಮನೇದೇ.

ಮುಂದೆ ಹೇಳೋಕೆ ಮೊದಲು ಒಂದು ವಿಷಯ ಗೊತ್ತಿರ್ಲಿ. ನಾನೂ ಮ್ಯೂಚುಯಲ್ ಫಂಡ್ ಡಿಸ್ಟ್ರಿಬ್ಯೂಟರ್, ಫಂಡ್ ಕಂಪನಿ ಕೊಡೋ ಕಮಿಷನ್‌ನಲ್ಲೇ ಮನೆ ನಡೆಯೋದು. ಜನ ಎಸ್‌ಐಪಿ ಮುಂದುವರಿಸಿದ್ರೆ ನಮ್ಮ ಕಸುಬಿನವರಿಗೆಲ್ಲ ಲಾಭ, ನಿಲ್ಲಿಸಿದ್ರೆ ನಷ್ಟ. ಹಾಗಾಗಿ "ಮುಂದುವರಿಸಿ" ಅಂತ ನಾನು ಹೇಳಿದ್ದನ್ನ ಸ್ವಲ್ಪ ಅನುಮಾನದಿಂದ್ಲೇ ಓದಿ, ಲೆಕ್ಕ ನೀವೇ ಹಾಕಿ ನೋಡಿ.

ಮಾರ್ಕೆಟ್ ಬಿದ್ದಾಗ ನಮಗೆ ಬರೋ ಫೋನುಗಳಲ್ಲಿ ಹತ್ತಕ್ಕೆ ಒಂಬತ್ತು ಒಂದೇ ಪ್ರಶ್ನೆ, "ಇನ್ನೂ ಬೀಳುತ್ತಾ?" ಅಂತ. ನನಗೆ ಗೊತ್ತಿಲ್ಲ, ಟಿವಿಯಲ್ಲಿ ಕೋಟು ಹಾಕ್ಕೊಂಡು ಕೂತವರಿಗೂ ಗೊತ್ತಿಲ್ಲ, ಗೊತ್ತಿದ್ದಿದ್ರೆ ಅವ್ರು ಟಿವಿಗೆ ಬರ್ತಿರ್ಲಿಲ್ಲ. ನಾನು ವಾಪಸ್ ಕೇಳೋದು ಆ ದುಡ್ಡು ನಿಮಗೆ ಯಾವ ತಾರೀಖಿಗೆ ಬೇಕು ಅಂತ. ಅದಕ್ಕೆ ಉತ್ತರ ಸಿಕ್ರೆ ಮಿಕ್ಕಿದ್ದು ಮುಕ್ಕಾಲು ಭಾಗ ತಾನಾಗೇ ಬಗೆಹರಿಯುತ್ತೆ. ನಿಮ್ಮ ಪತ್ರದಲ್ಲೇ ಎರಡು ತಾರೀಖು ಇವೆ, ಒಂದು ಬರೋ ಆಗಸ್ಟ್, ಇನ್ನೊಂದು ನೀವು ರಿಟೈರ್ ಆಗೋದು, ಅಂದ್ರೆ ಇನ್ನೂ ಒಂಬತ್ತು ವರ್ಷ. ಆದ್ರೆ ದುಡ್ಡು ಮಾತ್ರ ಒಂದೇ ಗಂಟಲ್ಲಿ ಕಟ್ಟಿಟ್ಟಿದೀರ, ಅದನ್ನ ಈಗ ಬಿಚ್ಬೇಕು.

ಆಗಸ್ಟ್‌ದು ಮೊದಲು ನೋಡೋಣ. ಏಳೆಂಟು ತಿಂಗಳಲ್ಲಿ ಬೇಕಾಗಿರೋ ದುಡ್ಡು ಷೇರಲ್ಲಿ ಇರಬಾರ್ದು, ಸ್ಮಾಲ್‌ಕ್ಯಾಪಲ್ಲಿ ಅಂತೂ ಇರ್ಲೇಬಾರ್ದು. 2020ರಲ್ಲಿ ಏನಾಯ್ತು ನೋಡಿ, ಜನವರಿಯಲ್ಲಿ ಷೇರು ಸೂಚ್ಯಂಕ ಸೆನ್ಸೆಕ್ಸ್ 42,000 ಮುಟ್ಟಿತ್ತು, ಮಾರ್ಚ್ 23ರಂದು ಒಂದೇ ದಿನ 3,934 ಪಾಯಿಂಟ್ ಬಿದ್ದು 25,981ಕ್ಕೆ ಬಂದು ನಿಂತ್ಕೊಳ್ತು, ಎರಡು ತಿಂಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯ್ತು. ನವೆಂಬರ್ ಹೊತ್ತಿಗೆ ಅದೇ ಸೆನ್ಸೆಕ್ಸ್ ಮತ್ತೆ 42,000 ದಾಟಿತ್ತು. ಕಾಯೋಕೆ ಆಗಿದ್ದವರಿಗೆ ಎಂಟು ತಿಂಗಳಲ್ಲಿ ಎಲ್ಲಾ ವಾಪಸ್. ಆದ್ರೆ ಏಪ್ರಿಲ್‌ನಲ್ಲಿ ಫೀಸ್ ಕಟ್ಬೇಕಾಗಿದ್ದ ಅಪ್ಪ ಅಮ್ಮಂದಿರಿಗೆ ನವೆಂಬರ್ ಕಟ್ಕೊಂಡು ಏನಾಗ್ಬೇಕು, ಅವ್ರು ಆ ಬಿದ್ದ ರೇಟಿಗೇ ಮಾರಿದ್ರು. ಯೂನಿವರ್ಸಿಟಿಯವ್ರು "ನಿಮ್ಮ ಇಂಡಿಯಾ ಮಾರ್ಕೆಟ್ ಏಳ್ಲಿ, ಆಮೇಲೆ ಕಟ್ಟಿ" ಅಂತಾರಾ?

"ಈಗ ತೆಗೆದ್ರೆ ನಷ್ಟ ಅಲ್ವಾ" ಅಂತ ನೀವು ಕೇಳ್ಬೋದು. ನಷ್ಟ ಎಲ್ಲಿ ಮೇಡಂ? ಇಲ್ಲಿವರೆಗೆ ಹೆಚ್ಚುಕಡಿಮೆ 11.4 ಲಕ್ಷ ಕಟ್ಟಿದೀರ, ಈಗ 15 ಇದೆ. ನಿಮ್ಮ ತಲೇಲಿ ಕೂತಿರೋದು 2024 ಸೆಪ್ಟೆಂಬರ್‌ನ ನಂಬರ್ರು. ಅದು ಯಾವತ್ತೂ ನಿಮ್ಮ ಅಕೌಂಟಿಗೆ ಬಂದ ದುಡ್ಡಲ್ಲ, ಆ ತಿಂಗಳು ಮಾರ್ಕೆಟ್ ತುತ್ತತುದೀಲಿದ್ದಾಗ ಸ್ಕ್ರೀನ್ ಮೇಲೆ ಕಂಡ ಅಂಕಿ ಅಷ್ಟೇ. ಇನ್ನೊಂದು ಸೂಚ್ಯಂಕ ನಿಫ್ಟಿ ಆಗ 26,000 ದಾಟಿತ್ತು, ಆರೇ ತಿಂಗಳಲ್ಲಿ 22,000ದ ಕೆಳಗೂ ಹೋಗ್ಬಂತು, 2025 ಏಪ್ರಿಲ್ 7ರಂದು ಟ್ರಂಪ್ ಸುಂಕದ ಗಲಾಟೇಲಿ ಸೆನ್ಸೆಕ್ಸ್ 2,200 ಪಾಯಿಂಟ್ ಮೇಲೆ ಬಿತ್ತು. ಆ ಹೊತ್ತಲ್ಲೆಲ್ಲ ನಿಲ್ಲಿಸದೆ ಕಟ್ಟಿದ್ದೀರಲ್ಲ, ಅದೇ ದೊಡ್ಡದು. 2025 ಜನವರಿಯಲ್ಲಂತೂ ದೇಶದಲ್ಲಿ ಹೊಸದಾಗಿ ಶುರುವಾದ ಎಸ್‌ಐಪಿಗಿಂತ ನಿಂತುಹೋದ ಎಸ್‌ಐಪಿನೇ ಜಾಸ್ತಿ ಇತ್ತು.

ಎಷ್ಟು ತೆಗೀಬೇಕು? 8 ಅಂದಿದೀರ, ನಾನು 9 ಅಂತೀನಿ. ಫೀಸು ಡಾಲರ್‌ನಲ್ಲೋ ಯೂರೋದಲ್ಲೋ ಇರುತ್ತೆ, ರೂಪಾಯಿ ಜಾರ್ತಾನೇ ಇದೆ. ನೀವು ಎಸ್‌ಐಪಿ ಶುರು ಮಾಡಿದ 2021ರಲ್ಲಿ ಡಾಲರ್‌ಗೆ 74 ರೂಪಾಯಿ ಆಸುಪಾಸು ಇತ್ತು, 2025 ಡಿಸೆಂಬರ್‌ನಲ್ಲಿ 90 ದಾಟ್ತು. ಮಕ್ಕಳನ್ನ ಹೊರಗೆ ಕಳಿಸೋರು ಮಾರ್ಕೆಟ್ ಬಗ್ಗೆ ಅಷ್ಟು ತಲೆ ಕೆಡಿಸ್ಕೊಳ್ತಾರೆ, ಈ ಕಡೆ ನೋಡೋದೇ ಇಲ್ಲ.

ಹೇಗೆ ತೆಗೀಬೇಕು ಅನ್ನೋದ್ರಲ್ಲಿ ಸ್ವಲ್ಪ ದುಡ್ಡು ಉಳಿಯುತ್ತೆ, ಹಾಗಾಗಿ ನಿಧಾನಕ್ಕೆ ಹೇಳ್ತೀನಿ. ಫಂಡ್ ಮಾರಿದಾಗ ಮೊದಲು ಕೊಂಡ ಯೂನಿಟ್ (ಫಂಡಲ್ಲಿ ನಿಮ್ಮ ಪಾಲು) ಮೊದಲು ಹೋಗುತ್ತೆ, ಅಂದ್ರೆ 2021, 22ರಲ್ಲಿ ಕಡಿಮೆ ರೇಟಲ್ಲಿ ಕೊಂಡಿದ್ದು, ಅದ್ರಲ್ಲೇ ಲಾಭ ಜಾಸ್ತಿ ಇರೋದು. ವರ್ಷ ದಾಟಿರೋದ್ರಿಂದ ಎಕ್ಸಿಟ್ ಲೋಡ್, ಅಂದ್ರೆ ಬೇಗ ತೆಗೆದ್ರೆ ಮುರ್ಕೊಳ್ಳೋ ದುಡ್ಡು, ಬೀಳಲ್ಲ. 9 ಲಕ್ಷ ತೆಗೆದ್ರೆ ಅದ್ರಲ್ಲಿ ಲಾಭದ ಭಾಗ 3 ಲಕ್ಷ ಅಂತ ಇಟ್ಕೊಳ್ಳೋಣ. 2024 ಜುಲೈ ಬಜೆಟ್ ಆದ್ಮೇಲೆ ಈಕ್ವಿಟಿ (ಷೇರು) ಫಂಡಲ್ಲಿ ವರ್ಷ ದಾಟಿದ ಲಾಭಕ್ಕೆ, ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ, ಅದರ ಮೇಲಿದ್ದಕ್ಕೆ ಶೇ. 12.5. ಎಲ್ಲಾ ಒಂದೇ ಸಲ ತೆಗೆದ್ರೆ 1.75 ಲಕ್ಷಕ್ಕೆ ಟ್ಯಾಕ್ಸ್, ಸೆಸ್ ಸೇರಿ 22,750 ರೂಪಾಯಿ. ಅರ್ಧ ಮಾರ್ಚ್ 31ರೊಳಗೆ, ಅರ್ಧ ಏಪ್ರಿಲ್ ಮೊದಲ ವಾರದಲ್ಲಿ ತೆಗೆದ್ರೆ ಎರಡು ವರ್ಷದ ವಿನಾಯಿತಿ ಸಿಗುತ್ತೆ, ಆಗ ಟ್ಯಾಕ್ಸ್ 50,000ಕ್ಕೆ ಮಾತ್ರ, 6,500 ರೂಪಾಯಿ. ಉಳಿದಿದ್ದು 16,250, ಮಗಳ ಫ್ಲೈಟ್ ಟಿಕೆಟ್‌ಗೆ ಒಂದಷ್ಟು ಆಯ್ತು. ಆದ್ರೆ ಈ ಲೆಕ್ಕ ನೋಡಿ ಖುಷಿಪಟ್ಟು ಪೂರ್ತಿ ಏಪ್ರಿಲ್‌ವರೆಗೆ ತಳ್ಬೇಡಿ. ಮೊದಲ ಅರ್ಧ ಈ ವಾರವೇ ಹೋಗ್ಲಿ. 16,000 ಉಳಿಸೋಕೆ ಹೋಗಿ ಮಧ್ಯೆ ಮಾರ್ಕೆಟ್ ಶೇ. 15 ಬಿದ್ರೆ 9 ಲಕ್ಷದಲ್ಲಿ 1.35 ಲಕ್ಷ ಕೈಬಿಡುತ್ತೆ, ಅರ್ಧಾನೇ ಒಳಗಿದ್ರೆ ಅದರ ಅರ್ಧ. ಆ ಎರಡನೇ ಅರ್ಧಕ್ಕೂ ರಾತ್ರಿ ನಿದ್ದೆ ಬರಲ್ಲ ಅಂದ್ರೆ ಟ್ಯಾಕ್ಸ್ ಕಟ್ಟಿ ಎಲ್ಲಾ ಒಟ್ಟಿಗೇ ತೆಗೀರಿ, ನಾನೇನೂ ತಪ್ಪು ಅನ್ನಲ್ಲ. ತೆಗೆಯೋದು ಎರಡು ಸ್ಮಾಲ್‌ಕ್ಯಾಪ್‌ನಿಂದ್ಲೇ ಮೊದಲು ಖಾಲಿ ಮಾಡ್ತಾ ಬನ್ನಿ, ಯಾಕೆ ಅಂತ ಮುಂದೆ ಬರುತ್ತೆ. ಕಡೇ ಒಂದು ವರ್ಷದ ಯೂನಿಟ್ ಹಾಗೇ ಬಿಡಿ, ಅದಕ್ಕೆ ಲೋಡೂ ಇದೆ, ಲಾಭ ಬಂದಿದ್ರೆ ಶೇ. 20 ಟ್ಯಾಕ್ಸೂ ಇದೆ.

ತೆಗೆದ ದುಡ್ಡು ಎಲ್ಲಿಡ್ಬೇಕು? ನಮ್ಮ ಮಲೆನಾಡಿನವರಿಗೆ ಇಲ್ಲೇ ಹೆಚ್ಚು ಅಪಾಯ ಇರೋದು. ಮಾರ್ಕೆಟಿಗೆ ಹೆದರಿ ತೆಗೆದ ದುಡ್ಡನ್ನ ಸೀದಾ ತಗೊಂಡೋಗಿ ಪಕ್ಕದ ಬೀದಿ ಸೌಹಾರ್ದ ಸೊಸೈಟೀಲಿ ಇಡ್ತಾರೆ, ಬ್ಯಾಂಕಿಗಿಂತ ಎರಡು ಪರ್ಸೆಂಟ್ ಜಾಸ್ತಿ, ಡೈರೆಕ್ಟರು ನಮ್ಮವ್ರೇ ಅಂತ. ಬ್ಯಾಂಕಲ್ಲಿಟ್ಟ ದುಡ್ಡಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ರಿಸರ್ವ್ ಬ್ಯಾಂಕಿನ ಡಿಐಸಿಜಿಸಿ ಸಂಸ್ಥೆಯ ವಿಮೆ ಇದೆ, 2020 ಫೆಬ್ರವರಿಗೆ ಮುಂಚೆ ಬರೀ 1 ಲಕ್ಷ ಇತ್ತು. ಪತ್ತಿನ ಸೊಸೈಟಿಗೆ ಆ ವಿಮೆ ಇಲ್ಲ. ಬೋರ್ಡಲ್ಲಿ ಸಹಕಾರಿ ಅಂತ ಒಂದೇ ತರ ಬರೆದಿರುತ್ತೆ, ಜನಕ್ಕೆ ವ್ಯತ್ಯಾಸ ಗೊತ್ತಾಗಲ್ಲ. 2020 ಜನವರಿಯಲ್ಲಿ ಬಸವನಗುಡಿ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ರಿಟೈರ್ ಆದ ಎಷ್ಟು ಜನ ಬೀದೀಲಿ ನಿಂತಿದ್ರು ನೋಡಿದೀವಲ್ಲ. ಹಾಗಾಗಿ ನಾಲ್ಕೂವರೆ ಲಕ್ಷ ಒಂದು ಬ್ಯಾಂಕಲ್ಲಿ, ನಾಲ್ಕೂವರೆ ಇನ್ನೊಂದು ಬ್ಯಾಂಕಲ್ಲಿ, ಆಗಸ್ಟ್‌ಗೆ ಮೆಚ್ಯೂರ್ ಆಗೋ ಹಾಗೆ ಎಫ್‌ಡಿ ಇಡಿ. ಲಿಕ್ವಿಡ್ ಫಂಡೂ (ಅಲ್ಪಾವಧಿ ಸಾಲಪತ್ರದಲ್ಲಿ ದುಡ್ಡಿಡೋದು) ಆಗುತ್ತೆ. ಆದ್ರೆ "ಜಾಸ್ತಿ ರಿಟರ್ನ್ ಬರೋ ಡೆಟ್ (ಸಾಲಪತ್ರದ) ಫಂಡ್" ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನಿ, 2020 ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್ಟನ್ ಫಂಡ್ ಕಂಪನಿಯವ್ರು ಆರು ಡೆಟ್ ಸ್ಕೀಮ್ ಮುಚ್ಚಿದಾಗ ದುಡ್ಡು ಕೊನೆಗೆ ಬಂತು ನಿಜ, ಆದ್ರೆ ಬೇಕಾದಾಗ ಬರಲಿಲ್ಲ.

ಈಗ ಮಿಕ್ಕ 6 ಲಕ್ಷ, ಮತ್ತೆ ತಿಂಗಳ 20,000. ಇದು ಒಂಬತ್ತು ವರ್ಷದ ದುಡ್ಡು. ಇದಕ್ಕೆ ಮಾರ್ಕೆಟ್ ಬೀಳೋದು ಒಳ್ಳೇದೇ, ನಂಬಿಕೆ ಬರಲ್ಲ ಅಂದ್ರೆ ಪೆನ್ನು ತಗೊಳ್ಳಿ. ತಿಂಗಳಿಗೆ 5,000 ಹಾಗೆ ಐದು ತಿಂಗಳು ಕಟ್ತೀರ, ಫಂಡಿನ ರೇಟು 100, 80, 50, 80, 100 ಅಂತ ಬಿದ್ದು ಎದ್ದು ಹೊರಟ ಜಾಗಕ್ಕೇ ಬಂತು ಅಂತಿಟ್ಕೊಳ್ಳಿ. ಸಿಗೋ ಯೂನಿಟ್ 50, 62.5, 100, 62.5, 50, ಒಟ್ಟು 325. ಕಟ್ಟಿದ್ದು 25,000, ಈಗ ಬೆಲೆ 32,500. ಮಾರ್ಕೆಟ್ ಒಂದು ರೂಪಾಯಿ ಏರಿಲ್ಲ, ನಿಮಗೆ ಏಳೂವರೆ ಸಾವಿರ ಬಂತು. 50ಕ್ಕೆ ಬಿದ್ದ ತಿಂಗಳು ಹೆದರಿ ಕಟ್ಟದೆ ಬಿಟ್ಟವ್ರಿಗೆ? ಕಟ್ಟಿದ್ದು 20,000, ಯೂನಿಟ್ 225, ಬೆಲೆ 22,500. ಲಾಭ ಮೂರನೇ ಒಂದು ಭಾಗಕ್ಕೆ ಇಳೀತು. ಮಾಡಿದ ಕೆಲಸ ಏನಪ್ಪಾ ಅಂದ್ರೆ ಒಂದೇ ಒಂದು ತಿಂಗಳು ಬಿಟ್ಟಿದ್ದು.

ಆದ್ರೆ ಈ ಲೆಕ್ಕದಲ್ಲಿ ಒಂದು ಆಟ ಇದೆ ನೋಡಿ, ಕೊನೆಗೆ ರೇಟು 100ಕ್ಕೆ ವಾಪಸ್ ಬರುತ್ತೆ ಅಂತ ನಾನೇ ಇಟ್ಕೊಂಡಿದೀನಿ. ನಮ್ಮ ಕಸುಬಿನವರು ಸಾಮಾನ್ಯವಾಗಿ ಇಲ್ಲಿಗೆ ಮಾತು ನಿಲ್ಲಿಸ್ತಾರೆ, "ಮಾರ್ಕೆಟ್ ಯಾವಾಗ್ಲೂ ವಾಪಸ್ ಬರುತ್ತೆ" ಅಂದು ಕೈ ತೊಳ್ಕೊಳ್ತಾರೆ. ಬರುತ್ತೆ, ಯಾವಾಗ ಅನ್ನೋದು ಯಾರ ಕೈಲೂ ಇಲ್ಲ. ಹರ್ಷದ್ ಮೆಹ್ತಾ ಕಾಲದಲ್ಲಿ, 1992 ಏಪ್ರಿಲ್‌ನಲ್ಲಿ, ಸೆನ್ಸೆಕ್ಸ್ 4,467 ಮುಟ್ಟಿತ್ತು, ಹನ್ನೊಂದು ವರ್ಷ ಆದ್ಮೇಲೆ 2003 ಏಪ್ರಿಲ್‌ನಲ್ಲಿ 3,000ದ ಆಸುಪಾಸಲ್ಲೇ ಇತ್ತು. 2008 ಜನವರಿಯಲ್ಲಿ 21,000, ಮರುವರ್ಷ ಮಾರ್ಚಲ್ಲಿ 8,000 ಚಿಲ್ಲರೆ, 2010 ದೀಪಾವಳಿಗೆ ಮತ್ತೆ 21,000 ಮುಟ್ಟಿ ಅಲ್ಲಿ ನಿಲ್ಲದೆ ಇಳಿದು, ಗಟ್ಟಿಯಾಗಿ ದಾಟಿದ್ದು 2014 ಹೊತ್ತಿಗೆ. ಜಪಾನ್ ಕಥೆ ಇನ್ನೂ ಘೋರ, 1989 ಡಿಸೆಂಬರ್‌ನ ಎತ್ತರವನ್ನ ಅವರ ನಿಕ್ಕೈ ಮತ್ತೆ ದಾಟಿದ್ದು 2024 ಫೆಬ್ರವರಿಯಲ್ಲಿ, 34 ವರ್ಷ. ಇದನ್ನ ಹೆದರ್ಸೋಕೆ ಹೇಳ್ತಿಲ್ಲ. ಪ್ರತಿ ತಿಂಗಳು ಕಟ್ಟೋರಿಗೆ ಒಂದೇ ಸಲ ತುದೀಲಿ ಹಾಕಿದವರಷ್ಟು ಪೆಟ್ಟು ಬೀಳಲ್ಲ, ಆದ್ರೂ ರಿಟೈರ್‌ಮೆಂಟ್ ದುಡ್ಡು ಪೂರ್ತಿ ಒಂದೇ ಕಡೆ ಇರಬಾರ್ದು ಅನ್ನೋದಕ್ಕೆ ಹೇಳ್ತಿದೀನಿ.

ಆದ್ರೆ ನಿಮ್ಮದು ಪೂರ್ತಿ ಒಂದೇ ಕಡೆ ಇಲ್ಲ, ಅದನ್ನ ನೀವು ಗಮನಿಸಿಲ್ಲ ಅಷ್ಟೇ. 2006 ಏಪ್ರಿಲ್‌ಗೆ ಮುಂಚೆ ಸೇರಿದವ್ರು ನೀವು, ಎನ್‌ಪಿಎಸ್ (ಮಾರ್ಕೆಟ್ ಮೇಲೆ ನಿಂತ ಹೊಸ ಪೆನ್ಷನ್) ಅಲ್ಲ, ಹಳೇ ಪೆನ್ಷನ್. ಪೂರ್ತಿ ಸರ್ವಿಸ್ ಆದ್ರೆ ಕೊನೇ ಬೇಸಿಕ್‌ನ ಅರ್ಧ, ಮೇಲೆ ಡಿಎ, ಬದುಕಿರೋವರೆಗೂ. ಇವತ್ತು ಪ್ರೈವೇಟಲ್ಲಿರೋನು ಅಷ್ಟು ಪೆನ್ಷನ್ ಬರೋ ಹಾಗೆ ಕೂಡಿಡ್ಬೇಕು ಅಂದ್ರೆ ಹತ್ತಿರ ಒಂದು ಕೋಟಿ ಬೇಕಾಗ್ಬೋದು. ಇದು ನಿಮ್ಮ ಗಟ್ಟಿ ಆಧಾರ, ಹಾಗಾಗಿ ಬೇರೆ 51 ವರ್ಷದವರಿಗೆ ಹೇಳೋ ತರ "ಈಕ್ವಿಟಿ ಕಡಿಮೆ ಮಾಡಿ" ಅಂತ ನಿಮಗೆ ಹೇಳಲ್ಲ.

ಇನ್ನೊಂದು ಕಡೆ ತೋಟ ಇದೆ. ಅದೂ ಆಸ್ತಿನೇ, ಅದೂ ಏಳುತ್ತೆ ಬೀಳುತ್ತೆ. ಮಳೆ ಬಿಡದೆ ಹೊಡೆದ್ರೆ ಕೊಳೆರೋಗ, ಈಚೆಗೆ ನಾಲ್ಕೈದು ವರ್ಷದಿಂದ ಎಲೆಚುಕ್ಕಿ ಬೇರೆ, ಇವೆಲ್ಲ ತಪ್ಪಿಸ್ಕೊಂಡು ಫಸಲು ಬಂದ್ರೆ ರೇಟು ಹೇಗೋ ಏನೋ. ಅಷ್ಟು ರಿಸ್ಕು ಮನೇಲೇ ಇಟ್ಕೊಂಡವರಿಗೆ ನಾಲ್ಕರಲ್ಲಿ ಎರಡು ಸ್ಮಾಲ್‌ಕ್ಯಾಪ್ ಯಾರು ಕೊಟ್ರು ಅಂತ ನನಗೆ ಸಿಟ್ಟು ಬಂತು. 2018 ಜನವರಿಯಿಂದ 2020 ಮಾರ್ಚ್‌ವರೆಗೆ ಸ್ಮಾಲ್‌ಕ್ಯಾಪ್ ಸೂಚ್ಯಂಕ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಕಳ್ಕೊಂಡಿತ್ತು, ಸೆನ್ಸೆಕ್ಸ್ ಅಷ್ಟು ಬಿದ್ದಿರ್ಲಿಲ್ಲ. 2021ರಲ್ಲಿ ಕಳೆದ ಒಂದು ವರ್ಷದ ರಿಟರ್ನ್ ಲಿಸ್ಟ್ ತೆಗೆದು ಮೇಲಿನ ನಾಲ್ಕು ಹೆಸರು ಬರ್ಕೊಟ್ಟಿರ್ತಾರೆ, ಆಗ ಮೇಲೆ ಹೆಚ್ಚಾಗಿ ಇದ್ದಿದ್ದು ಸ್ಮಾಲ್‌ಕ್ಯಾಪೇ. ಒಂದು ಇಂಡೆಕ್ಸ್ ಫಂಡು (ಸೂಚ್ಯಂಕದಲ್ಲಿರೋ ಷೇರುಗಳನ್ನೇ ಕೊಳ್ಳೋದು), ಒಂದು ಫ್ಲೆಕ್ಸಿಕ್ಯಾಪು (ದೊಡ್ಡ, ಸಣ್ಣ ಎಲ್ಲಾ ಕಂಪನಿ ಸೇರಿದ್ದು), ಎರಡೇ ಸಾಕು, 10,000 ಹಾಗೆ. ನಿಮ್ಮಲ್ಲಿರೋ ಮಿಕ್ಕೆರಡರಲ್ಲಿ ಅವು ಇದ್ರೆ ಹೊಸದು ಬೇಡವೇ ಬೇಡ.

ನಿಮ್ಮ ಯಜಮಾನ್ರನ್ನ ಕೇಳಿ, ರಾಶಿ ಇಡಿ ಅಡಿಕೆ ರೇಟು ಬಿದ್ದ ವರ್ಷ ಅವ್ರು ಅದನ್ನ ಅಡಿಕೆ ಸೊಸೈಟಿ ಮ್ಯಾಮ್ಕೋಸಲ್ಲೋ ಮಂಡಿಯಲ್ಲೋ ಇಟ್ಟು ಕಾಯ್ತಾರೆ, ಖರ್ಚಿಗೆ ಬೇಕಾದಷ್ಟು ಮಾತ್ರ ಮಾರ್ತಾರೆ, ಮರ ಕಡಿಯಲ್ಲ. ಅದೇ ಮನುಷ್ಯ ಫೋನಲ್ಲಿ ಕೆಂಪು ನಂಬರ್ ಕಂಡ ತಕ್ಷಣ "ಎಲ್ಲಾ ತೆಗಿ" ಅಂತಾರೆ. ಅವರದ್ದೂ ತಪ್ಪಿಲ್ಲ ಬಿಡಿ, ತೋಟಕ್ಕೆ ದಿನಾ ರೇಟು ತೋರಿಸೋ ಆ್ಯಪ್ ಇಲ್ವಲ್ಲ. ನೀವು ಆ ಆ್ಯಪ್ ಮೊಬೈಲಿಂದ ಡಿಲೀಟ್ ಮಾಡಿ, ಇಮೇಲಲ್ಲಿ ಬರೋ ಸ್ಟೇಟ್‌ಮೆಂಟ್ ಮೂರು ತಿಂಗಳಿಗೊಮ್ಮೆ ನೋಡಿದ್ರೆ ಸಾಕು. ರಿಟೈರ್ ಆಗೋಕೆ ಮೂರು ವರ್ಷ ಇದ್ದಾಗ ನಿಧಾನಕ್ಕೆ ಎಫ್‌ಡಿ, ಪೋಸ್ಟಾಫೀಸ್ ಕಡೆ ಸರಿಸೋಕೆ ಶುರು ಮಾಡಿ, ಆಗಸ್ಟ್ ದುಡ್ಡಿಗೆ ಹೇಳಿದ ಕಾರಣವೇ ಅಲ್ಲೂ.

ಈಗ ಮಗನ ವಿಷಯ, ಇದಕ್ಕೆ ನಿಮ್ಮ ಕಥೆಯಿಂದ್ಲೇ ಶುರು ಮಾಡ್ತೀನಿ. ಬ್ಯಾಂಕಿಂದ ತಗೊಂಡಿದೀರ ಅಂದ್ರೆ ಅದು ರೆಗ್ಯುಲರ್ ಪ್ಲಾನ್. ಅಂದ್ರೆ ನಿಮ್ಮ ದುಡ್ಡಿನ ಮೇಲೆ ವರ್ಷಕ್ಕೆ ಸುಮಾರು ಶೇ. 0.8, ಅಂದ್ರೆ 15 ಲಕ್ಷಕ್ಕೆ 12,000 ರೂಪಾಯಿ, ಆ ಬ್ಯಾಂಕಿಗೆ ಹೋಗ್ತಿದೆ, ಬಿಲ್ಲಲ್ಲಿ ಕಾಣಲ್ಲ, ಫಂಡಿನ ರೇಟಲ್ಲೇ ಮುರ್ಕೊಂಡಿರ್ತಾರೆ. ಆ 12,000ಕ್ಕೆ ಅವ್ರು ಮಾಡಿದ ಕೆಲಸ ಏನು? ಮಗಳ ಓದು ಯಾವಾಗ ಅಂತ ಒಂದ್ಸಲ ಕೇಳಿದ್ರಾ? ಕೇಳಿದ್ದಿದ್ರೆ ನೀವು ಈ ಪತ್ರ ಬರೀತಾನೇ ಇರ್ಲಿಲ್ಲ. ಅಡ್ವೈಸರ್ ಅಂದ್ರೆ ಆ ಪ್ರಶ್ನೆ ಕೇಳೋನು, ಆಮೇಲೆ ಎರಡು ವರ್ಷ ಮುಂಚೆ ತಾನೇ ಫೋನ್ ಮಾಡಿ "ಮೇಡಂ, ದುಡ್ಡು ಸರಿಸೋ ಟೈಮ್ ಬಂತು" ಅನ್ನೋನು. ಯಾರೂ ಹಾಗೆ ಮಾಡ್ತಿಲ್ಲ ಅಂದ್ರೆ 2013 ಜನವರಿಯಿಂದ ಡೈರೆಕ್ಟ್ ಪ್ಲಾನ್ ಇದೆ, ಕಮಿಷನ್ ಇಲ್ಲದ್ದು, ಹೊಸ ಎಸ್‌ಐಪಿ ಅದ್ರಲ್ಲೇ ಮಾಡ್ಕೊಳ್ಳಿ. ಹೀಗೆ ಹೇಳಿದ್ದಕ್ಕೆ ನಮ್ಮ ಅಸೋಸಿಯೇಷನ್‌ನವ್ರು ನನಗೆ ಬೈತಾರೆ, ಬೈಲಿ.

ಈ ಲೈನಲ್ಲಿ ಎರಡು ಬಾಗಿಲಿವೆ. ಒಂದು ಡಿಸ್ಟ್ರಿಬ್ಯೂಟರ್, ಎನ್‌ಐಎಸ್‌ಎಂ ಸಂಸ್ಥೆಯ 5ಎ ಪರೀಕ್ಷೆ ಬರೆದು ಫಂಡ್ ಕಂಪನಿಗಳ ಸಂಘ ಆಂಫಿಯಿಂದ ಎಆರ್‌ಎನ್ ಅನ್ನೋ ರಿಜಿಸ್ಟ್ರೇಷನ್ ನಂಬರ್ ತಗೋಬೇಕು, ಕಂಪನಿ ಕಮಿಷನ್ ಕೊಡುತ್ತೆ. ಪರೀಕ್ಷೆ ಕಷ್ಟ ಇಲ್ಲ, ಬಿಕಾಂ ಹುಡುಗ ಒಂದು ತಿಂಗಳು ಕೂತ್ರೆ ಪಾಸು. ಇನ್ನೊಂದು ಷೇರು ಮಾರ್ಕೆಟ್ ಕಾವಲು ಸಂಸ್ಥೆ ಸೆಬಿಯಲ್ಲಿ ರಿಜಿಸ್ಟರ್ ಆದ ಇನ್ವೆಸ್ಟ್‌ಮೆಂಟ್ ಅಡ್ವೈಸರ್, ಅವರ ನಂಬರ್ ಐಎನ್‌ಎ ಅಂತ ಶುರುವಾಗುತ್ತೆ, ಅದಕ್ಕೆ 10ಎ, 10ಬಿ ಅಂತ ಎರಡು ಪರೀಕ್ಷೆ, ಕಮಿಷನ್ ಮುಟ್ಟೋ ಹಾಗಿಲ್ಲ, ಕ್ಲೈಂಟ್‌ನಿಂದಲೇ ಫೀಸ್ ತಗೋಬೇಕು. 2024 ಡಿಸೆಂಬರ್‌ನಲ್ಲಿ ಅರ್ಹತೆ ಸಡಿಲ ಮಾಡಿದಾರೆ. ಕಾನೂನಿನ ಪ್ರಕಾರ ಅಡ್ವೈಸರ್ ಅಂತ ಬೋರ್ಡ್ ಹಾಕ್ಬೋದಾದವ್ರು ಇವ್ರೇ, ನಾವಲ್ಲ. ಆದ್ರೆ ನಮ್ಮೂರ ಕಡೆ "ಸಲಹೆಗೆ 10,000 ಫೀಸು" ಅಂದ್ರೆ ಜನ ಎದ್ದು ಹೋಗ್ತಾರೆ, ಅದೇ 12,000 ಕಾಣದ ಹಾಗೆ ಹೋದ್ರೆ ಬೇಜಾರಿಲ್ಲ. ಹಾಗಾಗಿ ಸಣ್ಣ ಊರಲ್ಲಿ ಶುರು ಮಾಡೋರು ಎಆರ್‌ಎನ್‌ನಿಂದ್ಲೇ ಶುರು ಮಾಡೋದು.

ಆದಾಯದ ಲೆಕ್ಕ ಹುಡುಗನ್ನ ಪಕ್ಕದಲ್ಲಿ ಕೂರ್ಸ್ಕೊಂಡು ಓದಿ. ತಿಂಗಳಿಗೆ 5,000 ಎಸ್‌ಐಪಿ ಮಾಡೋ ನೂರು ಮನೆ ಸಿಕ್ತು ಅಂತಿಟ್ಕೊಳ್ಳಿ, ಮೊದಲ ವರ್ಷಕ್ಕೇ ನೂರು ಸಿಗೋದು ದೊಡ್ಡ ಮಾತು. ಮೂರು ವರ್ಷಕ್ಕೆ ಸೇರೋದು 1.8 ಕೋಟಿ, ಶೇ. 0.8 ಅಂದ್ರೆ ವರ್ಷಕ್ಕೆ 1.44 ಲಕ್ಷ, ತಿಂಗಳಿಗೆ 12,000. ತಿಂಗಳಿಗೆ 40,000 ಬರ್ಬೇಕು ಅಂದ್ರೆ 6 ಕೋಟಿ ಬೇಕು. 2009 ಆಗಸ್ಟ್‌ಗೆ ಮುಂಚೆ ಹೀಗಿರ್ಲಿಲ್ಲ, ಜನ ಹಾಕಿದ ದುಡ್ಡಲ್ಲೇ ಶೇ. 2.25ರವರೆಗೆ ಎಂಟ್ರಿ ಲೋಡ್ ಅಂತ ಮುಂಗಡ ಮುರ್ಕೊಳ್ತಿದ್ರು, ಅದು ನಮಗೆ ಬರ್ತಿತ್ತು. ಕೆಲವ್ರು ವರ್ಷಕ್ಕೆರಡು ಸಲ ಫಂಡ್ ಬದಲಾಯಿಸಿ ಎರಡೂ ಸಲ ತಗೊಳ್ತಿದ್ರು. ಸೆಬಿ ಅದನ್ನ ತೆಗೆದ ಮೇಲೆ ಎಷ್ಟೋ ಜನ ಅಂಗಡಿ ಮುಚ್ಚಿ ಯುಲಿಪ್ (ಹೂಡಿಕೆ ಬೆರೆತ ವಿಮೆ) ಮಾರೋಕೆ ಹೋದ್ರು, ಯಾಕಂದ್ರೆ ವಿಮೆಯಲ್ಲಿ ಮೊದಲ ವರ್ಷದ ಪ್ರೀಮಿಯಂನಲ್ಲೇ ದೊಡ್ಡ ಪಾಲು ಸಿಗುತ್ತೆ. ಉಳ್ಕೊಂಡವ್ರು ನಿಧಾನಕ್ಕೆ ಬೆಳೆದ್ರು, ನನ್ನ ಅಭಿಪ್ರಾಯದಲ್ಲಿ ಆ ನಿಯಮ ಬಂದಿದ್ದು ಕಸುಬಿಗೇ ಒಳ್ಳೇದಾಯ್ತು. ನಿಮ್ಮ ಮಗನಿಗೂ ಆ ಆಸೆ ಬರುತ್ತೆ, ಎರಡನೇ ವರ್ಷ ಕೈಲಿ ಕಾಸಿಲ್ಲದಾಗ, ಒಂದು ಎಂಡೋಮೆಂಟ್ ವಿಮೆ ಪಾಲಿಸಿ ಮಾರಿದ್ರೆ ಆರು ತಿಂಗಳ ಖರ್ಚು ಬಂತು ಅನ್ನೋ ಆಸೆ. ಅವನು ಎಂಥಾ ಅಡ್ವೈಸರ್ ಆಗ್ತಾನೆ ಅಂತ ಗೊತ್ತಾಗೋದು ಆಗ.

ಇನ್ನೊಂದು ವಿಚಿತ್ರ ಇದೆ ಈ ಕೆಲಸದಲ್ಲಿ. ಮಾರ್ಕೆಟ್ ಶೇ. 30 ಬಿದ್ರೆ ನಮ್ಮ ಆದಾಯವೂ ಶೇ. 30 ಬೀಳುತ್ತೆ, ಫೋನುಗಳು ಮಾತ್ರ ಮೂರು ಪಟ್ಟು. ತನ್ನ ಮನೆ ಖರ್ಚಿನ ಚಿಂತೆ ಇಟ್ಕೊಂಡು ಇನ್ನೊಬ್ಬರಿಗೆ ಧೈರ್ಯ ಹೇಳೋದು ಸುಲಭ ಇಲ್ಲ. ಹಾಗಾಗಿ ಈ ಲೈನಿಗೆ ಬರೋನು ಒಂದು ವರ್ಷದ ಖರ್ಚು ಬ್ಯಾಂಕಲ್ಲಿ ಇಟ್ಕೊಂಡೇ ಬರಬೇಕು, ಬೇರೆಯವರಿಗೆ ಆರು ತಿಂಗಳದ್ದು ಇಡಿ ಅಂತೀವಲ್ಲ, ನಮಗೆ ಅದರ ಎರಡರಷ್ಟು.

ದಿನಾ ಮಾಡೋ ಕೆಲಸ ಏನು ಅಂತ ಅವನಿಗೆ ಗೊತ್ತಿರಲ್ಲ, ಸ್ಕ್ರೀನ್ ಮೇಲೆ ಚಾರ್ಟ್ ನೋಡೋದು ಅಂದ್ಕೊಂಡಿರ್ತಾನೆ. ಬೆಳಗ್ಗೆ ಒಬ್ಬರ ಕೆವೈಸಿ ಹೋಲ್ಡ್, ಯಾಕೆ ಅಂದ್ರೆ ಪ್ಯಾನಲ್ಲಿ ಇನಿಶಿಯಲ್ ಹಿಂದೆ ಇದೆ, ಆಧಾರಲ್ಲಿ ಮುಂದೆ ಇದೆ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಅಪ್ಪನ ಹೆಸರು ಪೂರ್ತಿ ಇದೆ. ಇನ್ನೊಬ್ಬರದ್ದು ಬ್ಯಾಂಕ್ ಮರ್ಜ್ ಆಗಿ ಐಎಫ್‌ಎಸ್‌ಸಿ ಬದಲಾಗಿ ಎಸ್‌ಐಪಿ ಬೌನ್ಸ್. ಮಧ್ಯಾಹ್ನ ಒಬ್ರು ಹೆಂಗಸು ಬರ್ತಾರೆ, ಗಂಡ ತೀರಿಕೊಂಡು ಎರಡು ತಿಂಗಳಾಗಿದೆ, ಬ್ಯಾಗಲ್ಲಿ ಡೆತ್ ಸರ್ಟಿಫಿಕೇಟಿನ ಜೆರಾಕ್ಸ್, ಯಾವ ಫಂಡಲ್ಲಿ ಎಷ್ಟಿದೆ ಅಂತಾನೂ ಗೊತ್ತಿಲ್ಲ, ಗಂಡ ಹೇಳಿರ್ಲಿಲ್ಲ. ಅವರ ಪ್ಯಾನ್ ಮೇಲೆ ಸ್ಟೇಟ್‌ಮೆಂಟ್ ತರಿಸಿ, ಒಂದೊಂದು ಕಂಪನಿಗೂ ಫಾರಂ ತುಂಬಿ, ಬ್ಯಾಂಕಲ್ಲಿ ಸಹಿ ಅಟೆಸ್ಟ್ ಮಾಡಿಸಿ, ಎಲ್ಲಾ ಅವರ ಹೆಸರಿಗೆ ಬರೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅದಕ್ಕೆ ಬೇರೆ ಕಮಿಷನ್ ಇಲ್ಲ. ಆದ್ರೆ ಅವರು ಮುಂದೆ ಯಾವ ಆ್ಯಪಿಗೂ ಹೋಗಲ್ಲ, ತಂಗಿ ಮನೆಯವರನ್ನೂ ಕರ್ಕೊಂಡು ಬರ್ತಾರೆ. ಇದು ಅವನಿಗೆ ಬೇಜಾರು ಅನ್ನಿಸಿದ್ರೆ ಈ ಕೆಲಸ ಬೇಡ.

ಮತ್ತೆ ಆ ಆಪ್ಷನ್ ಟ್ರೇಡಿಂಗ್. ಸೆಬಿ 2024 ಸೆಪ್ಟೆಂಬರ್‌ನಲ್ಲಿ ಲೆಕ್ಕ ಕೊಟ್ಟಿದೆ, ಮೂರು ಹಣಕಾಸು ವರ್ಷದಲ್ಲಿ ಎಫ್‌ ಆ್ಯಂಡ್‌ ಓ, ಅಂದ್ರೆ ಫ್ಯೂಚರ್ಸ್ ಮತ್ತೆ ಆಪ್ಷನ್ಸ್ ಟ್ರೇಡಿಂಗ್, ಮಾಡಿದ ಸಾಮಾನ್ಯ ಜನರಲ್ಲಿ ಶೇ. 93 ಮಂದಿ ದುಡ್ಡು ಕಳ್ಕೊಂಡಿದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ಮೇಲೆ. ಅವನು ಮಿಕ್ಕ ಏಳರಲ್ಲಿ ಒಬ್ಬ ಇರ್ಬೋದು ಅಂತ ವಾದ ಮಾಡ್ತಾನೆ, ಎಲ್ಲಾ ಹುಡುಗ್ರೂ ಮಾಡ್ತಾರೆ. ಬೈಬೇಡಿ, ಬ್ರೋಕರ್ ಆ್ಯಪಲ್ಲಿ ಟ್ಯಾಕ್ಸ್ ಪಿ ಆ್ಯಂಡ್ ಎಲ್ ಅಂತ ಲಾಭ-ನಷ್ಟದ ರಿಪೋರ್ಟ್ ಇರುತ್ತೆ, ಬ್ರೋಕರೇಜು, ಎಸ್‌ಟಿಟಿ ಟ್ಯಾಕ್ಸು ಎಲ್ಲಾ ಕಳೆದು ವರ್ಷದ್ದು ಡೌನ್‌ಲೋಡ್ ಮಾಡಿ ತೋರಿಸು ಅನ್ನಿ. ಟೆಲಿಗ್ರಾಮಲ್ಲಿ ಟಿಪ್ಸ್ ಗ್ರೂಪ್ ಏನಾದ್ರೂ ಶುರು ಮಾಡಿದಾನಾ ಅಂತಲೂ ಕೇಳಿ, ರಿಜಿಸ್ಟ್ರೇಷನ್ ಇಲ್ಲದೆ ದುಡ್ಡು ತಗೊಂಡು ಟಿಪ್ಸ್ ಕೊಟ್ರೆ ಸೆಬಿ ಬಡ್ಡಿ ಸಮೇತ ವಾಪಸ್ ಕಕ್ಕಿಸುತ್ತೆ, ಮೇಲೆ ನಿಷೇಧ. ಕೆರಿಯರ್ ಶುರುವಾಗೋ ಮೊದಲೇ ಮುಗಿಯುತ್ತೆ.

ನನ್ನ ಕೇಳಿದ್ರೆ ಮೊದಲ ಎರಡು ವರ್ಷ ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಯಾವುದಾದ್ರೂ ಫಂಡ್ ಕಂಪನಿ ಬ್ರಾಂಚಲ್ಲಿ, ಇಲ್ಲಾ ಫಂಡ್‌ಗಳ ದಾಖಲೆ ನೋಡ್ಕೊಳ್ಳೋ ಕ್ಯಾಮ್ಸ್, ಕೆಫಿನ್‌ಟೆಕ್ ತರದ ಕೌಂಟರಲ್ಲಿ ಸಂಬಳಕ್ಕೆ ಕೆಲಸ ಮಾಡ್ಲಿ. ಸಂಬಳ ಹೇಳ್ಕೊಳ್ಳೋ ಹಾಗಿರಲ್ಲ, ಆದ್ರೆ ಮೇಲೆ ಹೇಳಿದ ಕೆವೈಸಿ, ಟ್ರಾನ್ಸ್‌ಮಿಷನ್ (ತೀರಿಕೊಂಡವರ ಫಂಡ್ ಮನೆಯವರ ಹೆಸರಿಗೆ ಮಾಡಿಸೋದು) ಎಲ್ಲಾ ಅಲ್ಲಿ ಕೈಗೆ ಹತ್ತುತ್ತೆ. ಊರಿಗೆ ವಾಪಸ್ ಬಂದಾಗ ನೆಂಟರನ್ನೇ ಮೊದಲ ಕ್ಲೈಂಟ್ ಮಾಡ್ಕೋಬೇಡ ಅನ್ನಿ, ಮಾರ್ಕೆಟ್ ಬಿದ್ರೆ ಹಬ್ಬಕ್ಕೂ ಕರೆಯಲ್ಲ. ನಿಮ್ಮ ಸ್ಕೂಲಿನ ಟೀಚರ್‌ಗಳಲ್ಲಿ 2006ರ ನಂತರ ಸೇರಿದವ್ರು ಎನ್‌ಪಿಎಸ್‌ನಲ್ಲಿದಾರಲ್ಲ, ತಮ್ಮ ಅಕೌಂಟಲ್ಲಿ ಎಷ್ಟಿದೆ ಅಂತ ನೋಡೋಕೆ ಬರದವ್ರು ಅವರಲ್ಲೇ ಎಷ್ಟೋ ಜನ ಇದಾರೆ, ಅವರಿಗೆ ಪುಕ್ಕಟೆ ಲಾಗಿನ್ ಮಾಡಿಕೊಟ್ಟು ಶುರು ಮಾಡ್ಲಿ.

ಅಂದಹಾಗೆ ಮೇಡಂ, ನಿಮ್ಮ ನಾಲ್ಕೂ ಫೋಲಿಯೋದಲ್ಲಿ (ಫಂಡ್ ಖಾತೆ) ನಾಮಿನಿ ಯಾರು ಅಂತ ಇವತ್ತೇ ನೋಡಿ. ಬ್ಯಾಂಕಲ್ಲಿ ಅರ್ಜೆಂಟಲ್ಲಿ ಮಾಡಿಸಿದ ಫಾರಂಗಳಲ್ಲಿ ಆ ಕಾಲಂ ಖಾಲಿ ಬಿಟ್ಟಿರ್ತಾರೆ. ಮಗಳು ಹೊರದೇಶಕ್ಕೆ ಹೋಗೋ ಮುಂಚೆ ಅವಳ ಬ್ಯಾಂಕ್ ಅಕೌಂಟೂ ನೋಡಿ, ಎನ್‌ಆರ್‌ಐ ಆದ್ಮೇಲೆ ಸಾಮಾನ್ಯ ಸೇವಿಂಗ್ಸ್ ಇಟ್ಕೊಳ್ಳೋ ಹಾಗಿಲ್ಲ, ಎನ್‌ಆರ್‌ಓ (ಎನ್‌ಆರ್‌ಐಗಳ) ಖಾತೆಗೆ ಬದಲಾಯಿಸ್ಬೇಕು. ದುಡ್ಡು ಹೊರದೇಶಕ್ಕೆ ಕಳಿಸುವಾಗ ನಿಮ್ಮ ಪ್ಯಾನಲ್ಲಿ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ (ಕಳಿಸುವಾಗಲೇ ಮುರ್ಕೊಳ್ಳೋ ಟ್ಯಾಕ್ಸ್) ಇಲ್ಲ, 9 ಲಕ್ಷ ಅದರೊಳಗೇ ಬರುತ್ತೆ, ಬ್ಯಾಂಕಿನವ್ರು ಗೊತ್ತಿಲ್ಲದೆ ಮುರ್ಕೊಳ್ಳೋಕೆ ಬಂದ್ರೆ ಕೇಳಿ.